ಬಣ್ಣದ ಸ್ವೆಟರಿನ ಹೆಣಿಗೆಯ ಪ್ರಗತಿಯನ್ನು ಕುರಿತು

ಮೊದಲಿಗೆ ಒಂದು ಅರಿಕೆ. ನನಗೆ ಬರೆದು ಅಭ್ಯಾಸವಿದೆ. ಆದರೆ ಇಂಥದ್ದನ್ನು ಬರೆದು ಅಭ್ಯಾಸವಿಲ್ಲ. ಸರ್ಕಾರಿ ಇಲಾಖೆಯೊಂದರ ಸಿಬ್ಬಂದಿ ಶಾಖೆಯಲ್ಲಿ ಮೂವತ್ತಮೂರು ವರ್ಷ ಟಿಪ್ಪಣಿ, ಪತ್ರ, ಜ್ಞಾಪನಗಳನ್ನು ಬರೆದು ನಿವೃತ್ತನಾದವನು ನಾನು. ವಿಷಯ ಇಂಥದ್ದು ಎಂದು ಮೇಲೆ ನಮೂದಿಸಿ, ಅದರ ಕೆಳಗೆ ಒಂದು ಗೆರೆ ಎಳೆದ ನಂತರವೇ ನನ್ನ ಕೈ ಮುಂದುವರಿಯುವುದು. ಇದರಿಂದ ಓದುವವರಿಗೆ ಆಗಬಹುದಾದ ಬೇಸರಕ್ಕೆ ಮುಂಚಿತವಾಗಿಯೇ ಕ್ಷಮೆ ಕೋರುತ್ತೇನೆ.

ಇನ್ನೊಂದು ಸ್ಪಷ್ಟೀಕರಣವೂ ಅಗತ್ಯವಾಗಿದೆ. ಮೊದಲ ಕರಡಿನಲ್ಲಿ ನನ್ನ ಹೆಂಡತಿಯನ್ನು ಎಲ್ಲ ಕಡೆಗಳಲ್ಲಿ ‘ನನ್ನ ಶ್ರೀಮತಿಯವರು’ ಎಂದು ಬರೆದಿದ್ದೆ. ಓದಿ ನೋಡಿದಾಗ ಯಾರೋ ಬೇರೆಯವರ ಮನೆಯ ವಿಚಾರದಂತೆ ಕಂಡಿತು. ಆದ್ದರಿಂದ ‘ಅವಳು’ ಎಂದು ತಿದ್ದಿದ್ದೇನೆ. ಇದನ್ನು ಅಗೌರವವೆಂದು ಭಾವಿಸಬಾರದು.

ಅವಳು ಹೆಣಿಗೆ ಕಲಿಸುತ್ತಿದ್ದಳು. ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ತರಗತಿ ನಡೆಯಿತು. ಅಕ್ಕಪಕ್ಕದ ಬೀದಿಗಳವರಲ್ಲದೆ ಸುಂಕದಕಟ್ಟೆ, ಬ್ಯಾಡರಹಳ್ಳಿಗಳಿಂದಲೂ ಹೆಂಗಸರು ಬಸ್ಸು ಹಿಡಿದು ಬರುತ್ತಿದ್ದರು. ನಾನು ಕಚೇರಿಯಲ್ಲಿ ಇರುತ್ತಿದ್ದ ಸಮಯವಾದ್ದರಿಂದ ಆ ತರಗತಿಯನ್ನು ಕಣ್ಣಾರೆ ಕಂಡದ್ದು ಕಡಿಮೆ. ರಜೆಯ ದಿನಗಳಲ್ಲಿ ಒಳಕೋಣೆಯಲ್ಲಿ ಪತ್ರಿಕೆ ಓದುತ್ತಾ ಅವಳ ದನಿಯನ್ನು ಮಾತ್ರ ಕೇಳುತ್ತಿದ್ದೆ. ಆ ದನಿ ಅಡುಗೆಮನೆಯಲ್ಲಿ ಕೇಳುವ ದನಿಯಾಗಿರಲಿಲ್ಲ. ಅದರಲ್ಲಿ ಒಬ್ಬ ಮೇಲಧಿಕಾರಿಯ ಖಚಿತತೆ ಇತ್ತು. ತಪ್ಪಿದ ಸಾಲನ್ನು ಅವಳು ಯಾರಿಂದಲೂ ಮುಚ್ಚಿಡಲು ಬಿಡುತ್ತಿರಲಿಲ್ಲ. ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು.

ತರಗತಿ ನಿಲ್ಲಿಸಿದ ಮೇಲೆ, ಎರಡು ದಿಂಬಿನ ಚೀಲಗಳ ತುಂಬ ಉಳಿದಿದ್ದ ಉಲ್ಲನ್ ಚೂರುಗಳನ್ನು ಅವಳು ಹೊರಗೆ ಸುರಿದಳು. ನಿಂಬೆಹಣ್ಣಿನ ಗಾತ್ರದವು, ನೆಲ್ಲಿಕಾಯಿಯ ಗಾತ್ರದವು, ಹೀಗೆ ನಾನಾ ಬಣ್ಣದ ಉಂಡೆಗಳು. ಪ್ರತಿಯೊಂದೂ ಯಾರದೋ ಸ್ವೆಟರಿನ ಮಿಗತೆ.

“ಈ ಸಲ ನನಗೆ ಹಾಕ್ಕೋತೀನಿ. ಊರಿಗೆಲ್ಲ ಹಾಕಿದ್ದಾಯ್ತು. ಯಾರ್ ಕೇಳಿದ್ರೂ ಕೊಡಲ್ಲ” ಎಂದಳು.

ಅಷ್ಟು ವರ್ಷಗಳಲ್ಲಿ ಅವಳು ತನಗಾಗಿ ಒಂದನ್ನೂ ಹೆಣೆದುಕೊಂಡಿರಲಿಲ್ಲ ಎಂಬ ಸಂಗತಿ ನನ್ನ ಗಮನಕ್ಕೆ ಬಂದದ್ದು ಆ ದಿನವೇ. ಒಂದು ಬಣ್ಣ ಮುಗಿದಲ್ಲಿ ಇನ್ನೊಂದನ್ನು ಗಂಟು ಹಾಕುತ್ತಾ, ಎರಡು ತಿಂಗಳಲ್ಲಿ ಬೆನ್ನಿನ ಭಾಗವನ್ನು ಪೂರ್ಣಗೊಳಿಸಿದಳು. ಅದರ ಮರುವಾರ, ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ ಅವಳ ಬಲಗೈಯಿಂದ ಲೋಟ ಜಾರಿ ಬಿದ್ದಿತು. ಲೋಟ ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಬರಿಗೈಯನ್ನೇ ತುಟಿಯ ಬಳಿಗೆ ತರಲು ನೋಡುತ್ತಿದ್ದಳು.

ಆಸ್ಪತ್ರೆಯ ವಿವರಗಳನ್ನು ಇಲ್ಲಿ ಕೈಬಿಟ್ಟಿದ್ದೇನೆ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು ಎಂದರು. ಬಲಗಾಲು ಕುಂಟುತ್ತಾ ನಡೆಯುವಷ್ಟು ಸುಧಾರಿಸಿತು. ಮಾತು ಹೋಗಿತ್ತು, ಎರಡು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿತು. ಬಲಗೈ ಮಾತ್ರ ಹಿಂದಿರುಗಲಿಲ್ಲ. ಆ ಕೈಗೆ ಸದಾ ಚಳಿ. ಬಿಸಿಲಿನಲ್ಲಿ ಕುಳಿತರೂ ಅದು ತಣ್ಣಗಿರುತ್ತಿತ್ತು.

ನಮಗೆ ಒಬ್ಬಳೇ ಮಗಳು, ಕೆಂಗೇರಿಯಲ್ಲಿದ್ದಾಳೆ. ಭಾನುವಾರ ಮೆಟ್ರೋದಲ್ಲಿ ಬಂದವಳು ಅಮ್ಮನ ಕೈ ಮುಟ್ಟಿ ನೋಡಿ, “ಅಪ್ಪಾ, ಒಂದ್ ರೆಡಿಮೇಡ್ ಸ್ವೆಟರ್ ತಂದ್ಬಿಡ್ತೀನಿ” ಎಂದಳು. ಅವಳು ಬೇಡವೆಂದು ತಲೆಯಾಡಿಸಿ, ಗೋಡೆಗೆ ತಗುಲಿ ಹಾಕಿದ್ದ ಹೆಣಿಗೆಯ ಚೀಲವನ್ನು ನೋಡಿದಳು. ಮಗಳು ಹೊರಟುಹೋದ ಮೇಲೆ ನನ್ನನ್ನು ಕರೆದಳು.

“ರೀ, ನೀವ್ ಹಾಕಿ.”

“ನಾನಾ? ನನಗೇನ್ ಬರುತ್ತೆ ಕಣೇ, ಗುಂಡಿ ಹೊಲಿಯೋಕೇ ಬರಲ್ಲ.”

“ಅಷ್ಟ್ ವರ್ಷ ಯಾರ್ಯಾರೋ ಹೇಳಿದ್ದೆಲ್ಲ ಬರೆದಿಲ್ವಾ? ಈಗ ನಾನ್ ಹೇಳಿದ್ ಹಾಕಿ.”

ಹೀಗೆ ಸದರಿ ಕೆಲಸವು ನನಗೆ ವಹಿಸಲ್ಪಟ್ಟಿತು.

ಮೊದಲ ಮೂರು ವಾರ ಒಂದು ಕರವಸ್ತ್ರದಷ್ಟು ಅಗಲದ ತುಂಡನ್ನು ಹೆಣೆಯುವುದು, ಬಿಚ್ಚುವುದು, ಇಷ್ಟೇ ಆಯಿತು. ಅವಳು ನನ್ನ ಬಲಕ್ಕೆ ಕುಳಿತು ಎಡಗೈಯಿಂದ ನನ್ನ ಹೆಣಿಗೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

“ಕತ್ತು ಹಿಸುಕ್ತಿದೀರಾ ಅದನ್ನ? ಸ್ವಲ್ಪ ಉಸಿರಾಡಕ್ ಬಿಡಿ.”

“ಸಡಿಲ ಬಿಟ್ರೆ ಕಡ್ಡಿಯಿಂದ ಜಾರುತ್ತಲ್ಲೇ.”

“ಜಾರಲಿ, ಹಿಡ್ಕೊಳಿ. ಇದು ಉಲ್ಲನ್ ಕಣ್ರೀ, ನಿಮ್ಮ ಫೈಲ್ ಕಟ್ಟೋ ದಾರ ಅಲ್ಲ.”

ಮನೆಯ ಮುಂದಿನ ಜಗಲಿಯಲ್ಲಿ ಬೆಳಕು ಚೆನ್ನಾಗಿರುವುದರಿಂದ ನಾವು ಅಲ್ಲಿಯೇ ಕುಳಿತುಕೊಳ್ಳುತ್ತಿದ್ದೆವು. ಎದುರು ಮನೆಯವರು ಗೇಟಿನ ಬಳಿ ನಿಂತು, “ಏನ್ ಸಾರ್, ಮನೇಲಿ ಚಾರ್ಜ್ ಬದಲಾಯ್ತಾ?” ಎಂದು ಕೇಳಿದರು. ನಾನು ನಾಚಿ ಕಡ್ಡಿಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವಳೇ ಉತ್ತರ ಕೊಟ್ಟಳು: “ಇನ್ನೂ ಪ್ರೊಬೇಶನ್‌ನಲ್ಲಿದ್ದಾರೆ. ಖಾಯಂ ಮಾಡೋದ್ ನೋಡ್ಬೇಕು.”

ಎದುರು ಮನೆಯವರು ಗಟ್ಟಿಯಾಗಿ ನಕ್ಕರು. ನಾನು ನಗಲಿಲ್ಲ. ಅವಳಿಗೆ ಮಾತು ಬಂದು ಆಗಲೇ ಎರಡು ತಿಂಗಳು ಕಳೆದಿದ್ದವು. ನೀರು ಬೇಕು, ಸಾಕು, ಕಾಲು ನೋವು, ಇಂಥ ಮಾತುಗಳು ಬಂದಿದ್ದವು. ಆದರೆ ಮುಂದಿನ ಕೋಣೆಯ ಆ ದನಿ, ಬೈದು ತಿದ್ದುವ ದನಿ, ಬಂದದ್ದು ನಾನು ಕಡ್ಡಿ ಹಿಡಿದ ಮೇಲೆಯೇ. ಸ್ವೆಟರು ಎಂದು ಮುಗಿಯುತ್ತದೆಯೋ ಎಂಬ ಚಿಂತೆ ನನಗೆ ಅಷ್ಟಾಗಿ ಇರಲಿಲ್ಲ. ಆ ದನಿ ಮತ್ತೆ ಹೋಗದಿದ್ದರೆ ಸಾಕು ಎಂಬುದಷ್ಟೇ ನನ್ನ ಕೋರಿಕೆಯಾಗಿತ್ತು.

ಈಗ ಒಂದು ಪುಸ್ತಕದ ವಿಚಾರವನ್ನು ಪ್ರಸ್ತಾಪಿಸಬೇಕಾಗಿದೆ. ಬಾಯಿಮಾತಿನ ಆದೇಶವನ್ನು ದಾಖಲೆ ಇಲ್ಲದೆ ಪಾಲಿಸುವುದು ನನ್ನಿಂದ ಆಗದ ಕೆಲಸ. ಸೇವೆಯಲ್ಲಿದ್ದಾಗ ಒಮ್ಮೆ ಹಾಗೆ ಪಾಲಿಸಿ, ಕೊನೆಗೆ ಸಮಜಾಯಿಷಿ ಕೊಡಬೇಕಾಗಿ ಬಂದದ್ದನ್ನು ನಾನು ಮರೆತಿಲ್ಲ. ಆದ್ದರಿಂದ ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿ ಅಂಕಣಗಳನ್ನು ಎಳೆದು ದಿನಾಂಕ, ಸಾಲು, ಬಣ್ಣ, ಸೂಚನೆ ಎಂದು ಬರೆದಿಟ್ಟುಕೊಳ್ಳತೊಡಗಿದೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, “ಆಂಟಿ, ಎಡಗೈಲಿ ದಿನಾ ಏನಾದ್ರೂ ಬರೀರಿ, ನಿಮ್ ಹೆಸರಾದ್ರೂ ಸರಿ” ಎಂದಿದ್ದಳು. ನಾನು ಅದಕ್ಕೆ ಒಂದು ಅಂಕಣವನ್ನು ಸೇರಿಸಿದೆ: ಸಹಿ. ದಿನದ ಕೊನೆಗೆ ಅವಳು ಎಡಗೈಯಿಂದ, ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು, ವಕ್ರ ವಕ್ರವಾಗಿ ಸಹಿ ಹಾಕುತ್ತಿದ್ದಳು.

“ನೋಡಿ, ಆರ್ಡರ್ ಪಾಸಾಯ್ತು” ಎನ್ನುತ್ತಿದ್ದಳು.

ಮುಂಭಾಗದ ಹೆಣಿಗೆಯನ್ನು ಆರಂಭಿಸುವಾಗ ಎಷ್ಟು ಕುಣಿಕೆ ಹಾಕಬೇಕೆಂದು ಕೇಳಿದೆ. ಕಡ್ಡಿಯ ಮೇಲಿನ ಒಂದೊಂದು ಸುತ್ತಿಗೆ ಕುಣಿಕೆ ಎನ್ನುತ್ತಾರೆ. “ಹಿಂದಿನ ಭಾಗದಲ್ಲಿ ಎಷ್ಟಿದೆಯೋ ಅಷ್ಟೇ ಹಾಕಿ, ಎಣಿಸ್ಕೊಳಿ” ಎಂದಳು. ಎಣಿಸಿದೆ, ತೊಂಬತ್ತಾರು ಇತ್ತು, ಅಷ್ಟೇ ಹಾಕಿದೆ. ನಂತರ ಹಲವು ವಾರ ಬಣ್ಣಗಳ ವಿಚಾರವಷ್ಟೇ. ಅದರಲ್ಲಿ ಅವಳಿಗೆ ಯಾವ ತೊಡಕೂ ಇರಲಿಲ್ಲ. ಉಂಡೆಯನ್ನು ಎತ್ತಿ ಹಿಡಿದು, “ಇದು ಮೂಲೆಮನೆ ಮಗೂಗೆ ಹಾಕಿದ್ದು, ನಾಮಕರಣಕ್ಕೆ. ಈ ಹಳದಿ ಬ್ಯಾಡರಹಳ್ಳಿಯವಳದ್ದು, ಗಂಡನಿಗ್ ಹಾಕಿ ಅವನು ಒಂದ್ ದಿನಾನೂ ತೊಡಲಿಲ್ಲ ಅಂತ ಅತ್ತಿದ್ಲು. ಹಾಕಿ ಅದನ್ನ, ನಾನ್ ತೊಡ್ತೀನಿ” ಎನ್ನುತ್ತಿದ್ದಳು. ನೀಲಿ, ಹಳದಿ, ಕುಂಕುಮದ ಕೆಂಪು, ಎಲೆಹಸಿರು. ಬಟ್ಟೆ ನನ್ನ ಮಡಿಲಲ್ಲಿ ಗೇಣು ಗೇಣಾಗಿ ಬೆಳೆಯಿತು. ಆ ಅವಧಿಯು ನನ್ನ ನಿವೃತ್ತ ಜೀವನದ ಅತ್ಯಂತ ನೆಮ್ಮದಿಯ ಅವಧಿಯಾಗಿತ್ತೆಂದು ದಾಖಲಿಸಬಯಸುತ್ತೇನೆ.

ಕಂಕುಳಿನ ಮಟ್ಟಕ್ಕೆ ಬಂದಾಗ ಎರಡೂ ಬದಿಗಳಲ್ಲಿ ಕುಣಿಕೆಗಳನ್ನು ಕಡಿಮೆ ಮಾಡಬೇಕು, ಇಲ್ಲವಾದರೆ ತೋಳು ಕೂರುವುದಿಲ್ಲ. ಎಷ್ಟು ಇಳಿಸಬೇಕೆಂದು ಕೇಳಿದೆ.

“ಹಿಂದಿನ ಭಾಗ ನೋಡಿ ಹಾಕಿ.”

“ನೋಡಿದ್ರೆ ನನಗೆ ತಿಳಿಯಲ್ಲ ಕಣೇ. ಎಷ್ಟು ಅಂತ ಹೇಳು, ಬರ್ಕೋತೀನಿ.”

“ಅದರ ಹಾಗೇ ರೀ.”

“ಅದರ ಹಾಗೇ ಅಂತ ಬರೆಯೋಕಾಗುತ್ತಾ? ಒಂದ್ ಸಂಖ್ಯೆ ಹೇಳು.”

ಅವಳು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದಳು. “ಐದು” ಎಂದಳು. ಬರೆದುಕೊಂಡೆ. ಸಾಲನ್ನು ತಿರುಗಿಸಿ ಇನ್ನೊಂದು ಬದಿಗೆ ಬಂದಾಗ ಮತ್ತೆ ಕೇಳಿದೆ. “ಒಂಬತ್ತು” ಎಂದಳು. ಅನಂತರ ಸಾಲು ಬಿಟ್ಟು ಸಾಲಿಗೆ ಒಂದೊಂದು ಕುಣಿಕೆಯನ್ನು ಎಷ್ಟು ಸಲ ಇಳಿಸಬೇಕೆಂದು ಕೇಳಿದ್ದಕ್ಕೆ, ಈ ಬದಿಗೆ ಆರು, ಆ ಬದಿಗೆ ಹನ್ನೊಂದು ಎಂದಳು. ವ್ಯತ್ಯಾಸ ನನ್ನ ಗಮನಕ್ಕೆ ಬಾರದೆ ಇರಲಿಲ್ಲ. ಕಾಯಿಲೆಯಾದ ನಂತರ ಅವಳ ಬಲಭುಜ ಇಳಿಬಿದ್ದಿರುವುದರಿಂದ ಅದಕ್ಕೆ ತಕ್ಕಂತೆ ಹೇಳುತ್ತಿರಬಹುದೆಂದು ನಾನೇ ಒಂದು ಕಾರಣವನ್ನು ಕಲ್ಪಿಸಿಕೊಂಡೆ. ಹೇಳಿದ್ದನ್ನು ಹೇಳಿದಂತೆ ಹೆಣೆದೆ. ಅವಳು ಸಹಿ ಹಾಕಿದಳು. ಆ ದಿನ ಆರ್ಡರ್ ಪಾಸಾಯ್ತೆಂದು ಹೇಳಲಿಲ್ಲ.

ಮುಂಭಾಗ ಕತ್ತಿನವರೆಗೆ ಬಂದ ಮೇಲೆ ಅವಳು ಮಲಗಿದ್ದ ವೇಳೆ ಅದನ್ನು ಬೆನ್ನಿನ ಭಾಗದ ಮೇಲೆ ಹರಡಿ ನೋಡಿದೆ. ಒಂದು ಭುಜ ಸರಿಯಾಗಿ ಕೂತಿತು. ಇನ್ನೊಂದು ಭುಜ ಇರಲೇ ಇಲ್ಲವೆನ್ನಬೇಕು. ಮೂರು ಬೆರಳಿನಷ್ಟು ಪಟ್ಟಿ ಮಾತ್ರ ಉಳಿದಿತ್ತು. ಅದು ಯಾವ ಭುಜಕ್ಕೂ, ಎಷ್ಟೇ ಇಳಿಬಿದ್ದ ಭುಜಕ್ಕೂ, ಹೊಂದುವಂತಿರಲಿಲ್ಲ.

ಮರುದಿನ ಔಷಧಿ ತರುವುದಾಗಿ ಹೇಳಿ, ಹೆಣಿಗೆಯನ್ನೂ ನೋಟ್‌ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಸುಂಕದಕಟ್ಟೆಗೆ ಹೋದೆ. ಅಲ್ಲಿ ಅವಳ ಹಳೆಯ ಶಿಷ್ಯೆಯೊಬ್ಬರಿದ್ದಾರೆ. ಮನೆಯಲ್ಲೇ ಬ್ಲೌಸು, ಸ್ವೆಟರು ಮಾಡಿಕೊಡುತ್ತಾರೆ. ಅವರು ಹೆಣಿಗೆಯನ್ನು ಹರಡಿ ನೋಡಿ ನಕ್ಕುಬಿಟ್ಟರು.

“ಏನ್ ಸಾರ್ ಇದು, ಒಂದ್ ಕಡೆ ಆನೆಗೆ, ಒಂದ್ ಕಡೆ ಇಲಿಗೆ! ಆಂಟಿ ನೋಡಿದ್ರೆ ನಿಮ್ಮನ್ನ ಬಾಗಿಲ ಹೊರಗೆ ನಿಲ್ಲಿಸ್ತಾರೆ.”

ನಾನು ಪುಸ್ತಕವನ್ನು ತೆರೆದು ಕೊಟ್ಟೆ. ಓದುತ್ತಾ ಅವರ ನಗು ಇಳಿಯಿತು.

“ಆಂಟಿನೇ ಹೇಳಿದ್ರಾ?”

“ಹೌದಮ್ಮ.”

“ಅಯ್ಯೋ. ಆಂಟಿಗೆ ಎಣಿಕೆ ತಪ್ಪುತ್ತಾ? ಕಣ್ಮುಚ್ಕೊಂಡು ಹೇಳೋರು.” ಹೆಣಿಗೆಯನ್ನು ಮಡಿಸಿಕೊಂಡು, “ಬಿಟ್ಟೋಗಿ ಸಾರ್, ಕಂಕುಳತನಕ ಬಿಚ್ಚಿ ಸರಿಯಾಗಿ ಹಾಕ್ಕೊಡ್ತೀನಿ. ಆಂಟಿಗೆ ಹೇಳ್ಬೇಡಿ” ಎಂದರು.

ಹಿಂದಿರುಗುವ ಬಸ್ಸಿನಲ್ಲಿ, ನಾನು ನೋಡಿಯೂ ನೋಡದಿದ್ದ ಸಂಗತಿಗಳೆಲ್ಲ ಒಂದೊಂದಾಗಿ ಎದುರಿಗೆ ಬಂದವು. ಕುಕ್ಕರು ಎಷ್ಟು ಕೂಗು ಕೂಗಬೇಕೆಂದು ಕೇಳಿದರೆ ಅವಳು “ಬೇಳೆ ಬೇಯೋವರೆಗೂ” ಎನ್ನುತ್ತಿದ್ದಳು. ತಾರೀಕು ಕೇಳುತ್ತಿರಲಿಲ್ಲ, ವಾರ ಮಾತ್ರ ಕೇಳುತ್ತಿದ್ದಳು. ಮಗಳಿಗೆ ಫೋನು ಮಾಡಬೇಕಾದರೆ ನನ್ನ ಕೈಗೇ ಕೊಡುತ್ತಿದ್ದಳು. ಸಂಖ್ಯೆಗಳು ತನ್ನನ್ನು ಬಿಟ್ಟುಹೋಗಿವೆ ಎಂಬುದು ಅವಳಿಗೆ ಗೊತ್ತಿತ್ತು. ಅವುಗಳ ಪಕ್ಕದಿಂದ, ಯಾರಿಗೂ ಕಾಣದಂತೆ, ನಡೆದುಹೋಗುವುದನ್ನು ಕಲಿತುಕೊಂಡಿದ್ದಳು. ಅವಳನ್ನು ಹಿಡಿದು ನಿಲ್ಲಿಸಿ ಸಂಖ್ಯೆ ಹೇಳೆಂದು ಒತ್ತಾಯಿಸಿದವನು ನಾನು, ನನ್ನ ಅಂಕಣ ಖಾಲಿ ಉಳಿಯಬಾರದೆಂದು.

ನಾಲ್ಕು ದಿನ ಬೆರಳು ನೋವೆಂದು ಸುಳ್ಳು ಹೇಳಿ ಹೆಣಿಗೆಯಿಂದ ತಪ್ಪಿಸಿಕೊಂಡೆ. ಐದನೆಯ ದಿನ ಸುಂಕದಕಟ್ಟೆಯಿಂದ ಅದನ್ನು ತಂದು, ಸಂಜೆ ಜಗಲಿಯಲ್ಲಿ ಎಂದಿನಂತೆ ಅವಳ ಮಡಿಲಲ್ಲಿಟ್ಟೆ. ಅವಳು ಎಡಗೈಯ ಬೆರಳುಗಳಿಂದ ಕೆಳಗಿನ ಅಂಚಿನಿಂದ ಮೇಲಕ್ಕೆ ಸವರುತ್ತಾ ಹೋದಳು. ಕಂಕುಳಿನ ಹತ್ತಿರ ಬೆರಳು ನಿಂತಿತು. ಅದೇ ಜಾಗವನ್ನು ಎರಡು ಮೂರು ಸಲ ಮೇಲೆ ಕೆಳಗೆ ಸವರಿದಳು.

“ಇಲ್ಲಿಂದ ನಿಮ್ಮ ಕೈ ಅಲ್ಲ.”

ನಾನು ಉಂಡೆಯ ದಾರವನ್ನು ಸುತ್ತತೊಡಗಿದೆ.

“ಸುಂಕದಕಟ್ಟೆಯವಳ್ದು. ಉಲ್ಟಾ ಸಾಲಲ್ಲಿ ಬಿಗಿ ಹಿಡೀತಾಳೆ. ಎಷ್ಟ್ ಸಲ ಹೇಳಿದೀನಿ ಅವಳಿಗೆ.” ನಂತರ ನನ್ನ ಮುಖವನ್ನು ನೋಡಿದಳು. “ಯಾಕ್ ಕೊಟ್ರಿ ಅವಳ ಕೈಗೆ?”

“ಭುಜ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು.”

“ಎಷ್ಟ್ ಇಳಿಸಿದ್ರಿ?”

“ಹೇಳಿದಷ್ಟು.”

“ನಾನು ಎಷ್ಟ್ ಹೇಳಿದ್ದೆ?”

ಇಲ್ಲಿ ನಡೆದದ್ದನ್ನು ಹೇಗೆ ಬರೆಯಬೇಕೆಂದು ಹಲವು ದಿನ ಯೋಚಿಸಿದ್ದೇನೆ. ಬರೆದುಕೊಳ್ಳುವಾಗ ನಾನೇ ತಪ್ಪಿದೆ ಎಂದು ಹೇಳಬಹುದಾಗಿತ್ತು. ಅದು ಎರಡು ಮಾತಿನ ಕೆಲಸ. ಅವಳು ನನ್ನನ್ನು ಚೆನ್ನಾಗಿ ಬೈದು, ಬಿಚ್ಚಿಸಿ, ಮತ್ತೆ ಹಾಕಿಸುತ್ತಿದ್ದಳು. ಆದರೆ ಪ್ರಶ್ನೆ ಬಂದ ಕೂಡಲೇ ನನ್ನ ಕೈ ತಾನಾಗಿ ಪುಸ್ತಕದ ಕಡೆಗೆ ಹೋಯಿತು. ಆ ಪುಟವನ್ನು ತೆರೆದೆ, ಸಾಲಿನ ಕೆಳಗೆ ಬೆರಳಿಟ್ಟೆ, ಓದಿದೆ: ಈ ಬದಿ ಐದು, ಆ ಬದಿ ಒಂಬತ್ತು, ಈ ಬದಿ ಆರು ಸಲ, ಆ ಬದಿ ಹನ್ನೊಂದು ಸಲ. ಓದಿ ನಿಲ್ಲಿಸಲಿಲ್ಲ. ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ, ಕೊನೆಯ ಅಂಕಣದಲ್ಲಿದ್ದ ಅವಳ ಸಹಿಯನ್ನು ತೋರಿಸಿದೆ.

ಲೋಪ ನನ್ನದಲ್ಲವೆಂದು ಸಾಬೀತಾಯಿತು.

ಅವಳು ಆ ಸಹಿಯನ್ನು ಬಹಳ ಹೊತ್ತು ನೋಡಿದಳು. ನನಗೆ ಆಗ ಎಚ್ಚರವಾಯಿತು. “ಬರೆಯೋವಾಗ ನಾನೇ ಏನೋ ತಪ್ಪಿರ್ಬೇಕು ಕಣೇ. ಗಾಡಿ ಸದ್ದಿಗೆ ಸರಿಯಾಗಿ ಕೇಳ್ಸಿರಲ್ಲ” ಎಂದೆ.

“ನೀವಾ? ನೀವ್ ಬರೆಯೋದ್ರಲ್ಲಿ ತಪ್ಪೋರಲ್ಲ ಬಿಡಿ” ಎಂದಳು. ಅದರಲ್ಲಿ ಕೊಂಕು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಪುಸ್ತಕವನ್ನು ಮುಚ್ಚಿ, “ಸುಂಕದಕಟ್ಟೆಯವಳು ನಕ್ಕಳಾ?” ಎಂದು ಕೇಳಿದಳು.

“ಇಲ್ಲ.”

“ನಗ್ತಾಳೆ. ಒಳ್ಳೇ ಹುಡುಗಿ, ಆದ್ರೆ ನಗ್ತಾಳೆ.”

ಮುಂದಿನ ಭೇಟಿಯಲ್ಲಿ ವೈದ್ಯರಿಗೆ ವಿಷಯವನ್ನು ತಿಳಿಸಿದೆ. ಮಾತು ಬಂದರೂ ಲೆಕ್ಕ ಬಾರದಿರುವುದು ಉಂಟು, ಅಭ್ಯಾಸ ಮಾಡಿಸಿ ನೋಡಿ ಎಂದರು. ಮಗಳು ಎಣಿಕೆಯ ಮಣಿಗಳನ್ನು ಪೋಣಿಸಿದ ಚೌಕಟ್ಟೊಂದನ್ನು ತಂದುಕೊಟ್ಟಳು. ಅವಳು ಮೊಮ್ಮಕ್ಕಳ ವಸ್ತುವನ್ನು ಎತ್ತಿಡುವಂತೆ ಅದನ್ನು ಎತ್ತಿಟ್ಟಳು.

ಆ ಪುಸ್ತಕವನ್ನು ನಾನು ಹರಿದು ಹಾಕಿದೆ. ಹರಿಯುವ ಮುನ್ನ ಅವಳ ಸಹಿಗಳಿದ್ದ ಪುಟಗಳನ್ನು ಬಿಡಿಸಿಕೊಳ್ಳೋಣವೆಂದುಕೊಂಡೆ. ಎಲ್ಲ ಪುಟಗಳಲ್ಲೂ ಇದ್ದವು.

ಅನಂತರದ ಪ್ರಗತಿ ಈ ಕೆಳಕಂಡಂತಿದೆ. ಮುಂಭಾಗ ಮುಗಿದಿದೆ. ಭುಜಗಳನ್ನು ಜೋಡಿಸಲಾಗಿದೆ. ಕತ್ತಿನ ಪಟ್ಟಿಗೆ ಯಾವ ಬಣ್ಣವೆಂದು ಕೇಳಿದಾಗ, “ನಿಮಗ್ ಯಾವ್ದು ಚೆಂದ ಕಾಣುತ್ತೋ ಅದು” ಎಂದಳು. ಎರಡು ಉಂಡೆಗಳನ್ನು ಎತ್ತಿ ಹಿಡಿದು ಯಾರದಿದು ಎಂದು ಕೇಳಿದೆ. “ಯಾರದೋ” ಎಂದಳು. ಅವಳಿಗೆ ನೆನಪಿತ್ತು, ಕಣ್ಣು ಒಂದು ಕ್ಷಣ ಆ ಉಂಡೆಯ ಮೇಲೆ ನಿಂತದ್ದನ್ನು ನಾನು ಕಂಡೆ. ಬೈಗುಳ ನಿಂತು ಹೋಗಿದೆ. ಕೆಲಸ ಮಾತ್ರ ಮೊದಲಿಗಿಂತ ವೇಗವಾಗಿ ಸಾಗುತ್ತಿದೆ. ಒಂದು ತೋಳು ಹದಿನೈದು ದಿನಗಳಲ್ಲಿ ಮುಗಿಯಿತು. ಎದುರು ಮನೆಯವರು ಬಂದು ನೋಡಿ, “ಮೇಡಮ್, ಇನ್ನಾದ್ರೂ ಸಾರ್‌ನ ಖಾಯಂ ಮಾಡಿ” ಎಂದರು. ಅವಳು ಅವರಿಗೆ ಕೈ ಮುಗಿಯುವಂತೆ ಎಡಗೈ ಎತ್ತಿ ನಕ್ಕಳು, ಅಷ್ಟೇ.

ಈಗ ಹಾಕುತ್ತಿರುವ ಎರಡನೆಯ ತೋಳು ಬಲಗೈಯದು, ಚಳಿಯಾಗುವ ಕೈಯದು. ಕಳೆದ ವಾರ ಅದರಲ್ಲಿ ಮೊಣಕೈಯ ಹತ್ತಿರ ನಾನು ಬೇಕೆಂದೇ ಒಂದು ತಪ್ಪು ಮಾಡಿದೆ. ಸೀದಾ ಹಾಕಬೇಕಾದಲ್ಲಿ ಉಲ್ಟಾ ಹಾಕಿ, ಪಕ್ಕದ ಕುಣಿಕೆಯನ್ನು ಕಡ್ಡಿಯಿಂದ ಜಾರಿಸಿ ಹಾಗೆಯೇ ಬಿಟ್ಟೆ. ಬೆರಳಿಗೆ ತಾಕುವಂತೆ ಕಾಳಿನಷ್ಟು ಗಂಟು, ಅದರ ಪಕ್ಕದಲ್ಲಿ ಒಂದು ತೂತು. ಮೊದಲ ವಾರ ಕಲಿತವರು ಸಹ ಗುರುತಿಸುವಂಥ ತಪ್ಪು. ನಾಲ್ಕು ಸಾಲು ಮೇಲಕ್ಕೆ ಹೆಣೆದು, ಸಂಜೆ ಅವಳ ಮಡಿಲಲ್ಲಿಟ್ಟು, ಪಕ್ಕದಲ್ಲಿ ಕಾದು ಕುಳಿತೆ.

ಅವಳ ಬೆರಳು ಮಣಿಕಟ್ಟಿನ ಅಂಚಿನಿಂದ ಮೇಲಕ್ಕೆ ಬಂತು. ಗಂಟಿನ ಮೇಲೆ ನಿಂತಿತು. ತೂತಿನೊಳಗೆ ಬೆರಳ ತುದಿ ಸ್ವಲ್ಪ ಇಳಿಯಿತು. ಅವಳ ತುಟಿ ಅಲುಗಿತು. ಬಿಚ್ಚಿ ಎನ್ನುತ್ತಾಳೆಂದು, ಇದೇನ್ರೀ ಇದು ಎನ್ನುತ್ತಾಳೆಂದು ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

ಬೆರಳು ಅಲ್ಲಿಂದ ಮುಂದಕ್ಕೆ ಹೋಯಿತು. ಕೊನೆಯ ಸಾಲಿನವರೆಗೆ ಸವರಿ, ತೋಳನ್ನು ಮಡಿಸಿ, ನನ್ನ ಕೈಗೆ ಕೊಟ್ಟಳು.

“ಚೆನ್ನಾಗ್ ಬರ್ತಿದೆ” ಎಂದಳು.

ಮರುದಿನ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನೊಬ್ಬನೇ ಕುಳಿತು ಐದು ಸಾಲುಗಳನ್ನು ಬಿಚ್ಚಿದೆ, ಸರಿಯಾಗಿ ಹಾಕಿದೆ.